ಫೈಲು ಎನ್‌ಕ್ರಿಪ್ಟ್ ಆಗಿದೆಯೇ? ಬೈಟ್‌ಗಳನ್ನು ನೋಡಿ ಹೇಳುವ ಬಗೆ

ತೆರೆದಾಗ ಅರ್ಥವಾಗದ ಗೀಚು ಕಂಡಿತೆಂದು ಫೈಲು ಎನ್‌ಕ್ರಿಪ್ಟ್ ಆಗಿದೆ (ಕೀ ಎಂಬ ಗುಟ್ಟಿನ ಸಂಖ್ಯೆ ಇಲ್ಲದವರು ಓದಲಾಗದಂತೆ ಮಾರ್ಪಟ್ಟಿದೆ) ಎನ್ನಲಾಗದು. ಫೋಟೋ ಒಂದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೂ ಹಾಗೇ ಕಾಣುತ್ತದೆ. ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಿ: ‘ಎನ್‌ಕ್ರಿಪ್ಟ್ ಆಗಿಲ್ಲ’ ಎಂದು ಎಷ್ಟೋ ಸಲ ಖಚಿತವಾಗಿ ತೋರಿಸಬಹುದು, ‘ಆಗಿದೆ’ ಎಂದು ಬರೀ ಬೈಟ್‌ಗಳನ್ನು, ಅಂದರೆ ಫೈಲನ್ನು ಕಟ್ಟಿರುವ 0ಯಿಂದ 255ರವರೆಗಿನ ಸಂಖ್ಯೆಗಳನ್ನು, ನೋಡಿ ಸಾಧಿಸುವುದು ಕಷ್ಟ.

ನಮ್ಮ ಲಿಪಿಯಿಂದಲೇ ಶುರು ಮಾಡೋಣ. ‘ಕನ್ನಡ’ ಎಂಬ ಪದ, ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ, 15 ಬೈಟ್: 224 178 149, 224 178 168, 224 179 141, 224 178 168, 224 178 161. ಪ್ರತಿ ಗುಂಪೂ 224ರಿಂದ ಶುರು, ಎರಡನೆಯದು 178 ಇಲ್ಲವೇ 179. ಸಾವಿರ ಪುಟ ಬರೆದರೂ ಇದೇ ತಾಳ. ಬೈಟ್‌ಗಳು ಎಷ್ಟು ಸಮನಾಗಿ ಹರಡಿವೆ ಎಂದು ಅಳೆಯುವುದೇ ಎಂಟ್ರೋಪಿ. ಗಣಿತಜ್ಞ ಕ್ಲಾಡ್ ಶಾನನ್ 1948ರಲ್ಲಿ ಕೊಟ್ಟ ಅಳತೆ. 256 ಬೆಲೆಗಳೂ ಸರಿಸಮವಾಗಿ ಬಂದರೆ ಬೈಟಿಗೆ 8 ಬಿಟ್, ಅದೇ ಗರಿಷ್ಠ. ಕನ್ನಡ ಬರಹ ಸಾಮಾನ್ಯವಾಗಿ 5ನ್ನೂ ಮುಟ್ಟದು. ಅದನ್ನೇ ಎಇಎಸ್ ಎಂಬ ಎನ್‌ಕ್ರಿಪ್ಶನ್ ಪದ್ಧತಿಯಿಂದ ಸರಿಯಾಗಿ ಎನ್‌ಕ್ರಿಪ್ಟ್ ಮಾಡಿದರೆ, ಫೈಲು ದೊಡ್ಡದಿದ್ದಲ್ಲಿ, 8ಕ್ಕೆ ಕೂದಲೆಳೆಯಷ್ಟೇ ಕಡಿಮೆ.

ಹೆಚ್ಚಿನವರು ಎಡವುವುದು ಇಲ್ಲೇ. ಜಿಪ್ ಮಾಡಿದ ಫೈಲು, ಜೆಪೆಗ್ ಚಿತ್ರ, ವಿಡಿಯೋ, ಇವೆಲ್ಲ 8ರ ಹತ್ತಿರವೇ ಇರುತ್ತವೆ, ಏಕೆಂದರೆ ಕುಗ್ಗಿಸುವುದು ಎಂದರೆ ಮರುಕಳಿಕೆಯನ್ನು ತೆಗೆದುಹಾಕುವುದು ತಾನೆ! ಇತ್ತ 100 ಬೈಟಿನ ಫೈಲು ಎಷ್ಟೇ ಚೆನ್ನಾಗಿ ಎನ್‌ಕ್ರಿಪ್ಟ್ ಆಗಿದ್ದರೂ 6.64 ದಾಟಲಾರದು, 256 ಬೆಲೆಗಳು ಬರಲು ಅಲ್ಲಿ ಜಾಗವೇ ಇಲ್ಲ. ಹಾಗಾಗಿ ಎಂಟ್ರೋಪಿಯ ಅಂಕಿಯನ್ನು ಒಂಟಿಯಾಗಿ ನಂಬಬೇಡಿ.

ಆಮೇಲೆ ಫೈಲಿನ ತಲೆಯನ್ನು, ಅಂದರೆ ಮೊದಲ ಕೆಲವು ಬೈಟ್‌ಗಳನ್ನು, ನೋಡಿ. 80 75 3 4 ಎಂದಿದ್ದರೆ ಜಿಪ್, 255 216 255 ಎಂದರೆ ಜೆಪೆಗ್, 31 139 ಎಂದರೆ ಜಿಜಿಪ್ ಎಂಬ ಇನ್ನೊಂದು ಬಗೆಯ ಕುಗ್ಗಿಸಿದ ಫೈಲು. ಪಾಸ್‌ವರ್ಡ್ ಹಾಕಿದ ಜಿಪ್‌ನಲ್ಲೂ ಈ ಗುರುತು ಉಳಿಯುತ್ತದೆ, ಸಾಮಾನ್ಯವಾಗಿ ಒಳಗಿನ ಫೈಲುಗಳ ಹೆಸರೂ ಬಯಲಿಗಿರುತ್ತವೆ. ಇದು ತಿಳಿಯದೆ ಗುಟ್ಟಿನ ವಿಷಯವನ್ನು ಫೈಲಿನ ಹೆಸರಲ್ಲೇ ಬರೆದಿಡುವವರಿದ್ದಾರೆ. ಲಿನಕ್ಸ್‌ನಲ್ಲಿ ಲಕ್ಸ್ (LUKS) ಪದ್ಧತಿಯಿಂದ ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ಆ ಹೆಸರನ್ನು ಮೊದಲ ನಾಲ್ಕು ಬೈಟ್‌ಗಳಲ್ಲೇ ಬರೆದುಕೊಂಡಿರುತ್ತದೆ. ಲಕ್ಸ್‌ನಂಥ ಗುರುತು ಸಿಕ್ಕರೆ ‘ಆಗಿದೆ’ ಎಂದು ಧೈರ್ಯವಾಗಿ ಹೇಳಬಹುದು.

ಬೈಟ್‌ಗಳನ್ನು ಸಾಮಾನ್ಯ ಅಕ್ಷರ, ಅಂಕಿಗಳಲ್ಲಿ ಬರೆಯುವ ಬೇಸ್64 ಎನ್‌ಕ್ರಿಪ್ಶನ್ ಅಲ್ಲ. ಅದಕ್ಕೆ ಕೀ ಇಲ್ಲ, ಯಾರು ಬೇಕಾದರೂ ತಿರುಗಿಸಬಹುದು. ಬರೀ 64 ಚಿಹ್ನೆಗಳಿರುವುದರಿಂದ ಎಂಟ್ರೋಪಿ ಹೆಚ್ಚೆಂದರೆ 6ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಎಲ್ಲ ಬೈಟ್‌ಗಳಿಗೂ ಒಂದೇ ಸಂಖ್ಯೆಯನ್ನು ಎಕ್ಸಾರ್ (ಬಿಟ್‌ಗಳನ್ನು ಹೋಲಿಸಿ, ಬೇರೆಯಾದರೆ 1, ಒಂದೇ ಆದರೆ 0 ಎನ್ನುವ ಲೆಕ್ಕ) ಮಾಡುವ ದುರ್ಬಲ ಪದ್ಧತಿಯನ್ನು ನೀವೇ ಮಾಡಿ ನೋಡಿ. ಕೀ 90 ಎಂದಿಟ್ಟುಕೊಳ್ಳಿ: 224 ಇದ್ದಲ್ಲೆಲ್ಲ 186, 178 ಇದ್ದಲ್ಲೆಲ್ಲ 232. ವೇಷ ಬದಲಾಯಿತು, ತಾಳ ಹಾಗೇ ಇದೆ. ಎಂಟ್ರೋಪಿಯೂ ಒಂದಿಷ್ಟೂ ಕದಲದು. ಎಇಎಸ್ ಅನ್ನೇ, ಪ್ರತಿ ತುಂಡನ್ನೂ ಬಿಡಿಬಿಡಿಯಾಗಿ ಎನ್‌ಕ್ರಿಪ್ಟ್ ಮಾಡುವ ಇಸಿಬಿ ವಿಧಾನದಲ್ಲಿ ಬಳಸಿದರೂ ಇದೇ ರೋಗ: ಒಂದೇ ಬಗೆಯ 16 ಬೈಟ್‌ಗಳ ತುಂಡು ಮತ್ತೆ ಬಂದಾಗ ಉತ್ತರವೂ ಅದೇ ಬರುತ್ತದೆ. ಉದ್ದ 16ರ ಗುಣಕವಾಗಿದ್ದು ತುಂಡುಗಳು ಮರುಕಳಿಸುತ್ತಿದ್ದರೆ ಅನುಮಾನಿಸಿ.

ಜಿಪ್ ಮಾಡಿ ನೋಡುವುದು ಕೈಗೆಟುಕುವ ಇನ್ನೊಂದು ಪರೀಕ್ಷೆ. ಬರಹ ಚೆನ್ನಾಗಿ ಕುಗ್ಗುತ್ತದೆ; ಎನ್‌ಕ್ರಿಪ್ಟ್ ಆದದ್ದು ಕುಗ್ಗದು, ತಲೆಬರಹ ಸೇರಿ ತುಸು ಉಬ್ಬುತ್ತದೆ.

ಉಳಿದದ್ದು ಅತಿ ಕಠಿಣವಾದ ಪ್ರಕರಣ, ವೆರಾಕ್ರಿಪ್ಟ್ ಎಂಬ ಎನ್‌ಕ್ರಿಪ್ಶನ್ ತಂತ್ರಾಂಶ. ಅದರ ಫೈಲಿನಲ್ಲಿ ಬೇಕೆಂದೇ ಗುರುತಿನ ತಲೆಬರಹ ಇಟ್ಟಿಲ್ಲ. ಮೊದಲ 64 ಬೈಟ್ ಯಾದೃಚ್ಛಿಕ (ಯಾವ ಕ್ರಮವೂ ಇಲ್ಲದ) ಸಾಲ್ಟ್, ಅಂದರೆ ಪಾಸ್‌ವರ್ಡ್ ಜೊತೆ ಬೆರೆಸುವ ಬೈಟ್‌ಗಳು; ಮುಂದಿನದೆಲ್ಲ ಎನ್‌ಕ್ರಿಪ್ಟ್ ಆದದ್ದು. ಯಾದೃಚ್ಛಿಕ ಸಂಖ್ಯೆಗಳನ್ನು ತುಂಬಿದ ಫೈಲಿಗೂ ಅದಕ್ಕೂ ವ್ಯತ್ಯಾಸ ಹೇಳಲು ಮೇಲಿನ ಯಾವ ಪರೀಕ್ಷೆಯೂ ಸಾಲದು. ಅಂಥದ್ದು ಎದುರಾದಾಗ ಫೈಲನ್ನು ಪಕ್ಕಕ್ಕಿಟ್ಟು ಸುತ್ತಮುತ್ತ ಹುಡುಕಬೇಕು: ಆ ಕಂಪ್ಯೂಟರಿನಲ್ಲಿ ಯಾವ ತಂತ್ರಾಂಶವಿತ್ತು, ಫೈಲನ್ನು ಬರೆದದ್ದು ಯಾವುದು, ಕೀ ಯಾರ ಹತ್ತಿರ ಇದೆ.