‘ಪಿಕ್ ಅಪ್ ಯೂ’ ಯಾಕೆ ಆಗುವುದಿಲ್ಲ?

ಚಿಕ್ಕಮಗಳೂರಿನಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ನಡೆಸುವವರಿಗೆ ಒಂದು ಹೆಚ್ಚುವರಿ ಕೆಲಸ ಇರುತ್ತದೆ. ಹೋಂಸ್ಟೇ ಹುಡುಗರು ಗೆಸ್ಟ್‌ಗಳಿಗೆ ಕಳಿಸುವ ವಾಟ್ಸಾಪ್ ಮೆಸೇಜ್ ತಿದ್ದಿಕೊಡುವುದು. ಅದರಲ್ಲಿ ಪದೇ ಪದೇ ಸಿಗುವ ಸಾಲು ಇದು: ‘ಐ ವಿಲ್ ಪಿಕ್ ಅಪ್ ಯೂ ಫ್ರಮ್ ಕಡೂರ್ ಸ್ಟೇಷನ್.’ ಗೆಸ್ಟ್‌ಗೆ ಅರ್ಥವಾಗುತ್ತದೆ, ರೈಲು ಇಳಿದು ಜೀಪ್ ಹತ್ತುತ್ತಾರೆ, ಯಾರಿಗೂ ನಷ್ಟ ಇಲ್ಲ. ಆದರೆ ಇಂಗ್ಲಿಷ್ ಮನೆಮಾತಾದವರ ಬಾಯಲ್ಲಿ ಈ ಸಾಲು ಬರುವುದಿಲ್ಲ. ಅವರು ‘ಐ ವಿಲ್ ಪಿಕ್ ಯೂ ಅಪ್’ ಅನ್ನುತ್ತಾರೆ.

ಮಜಾ ಏನು ಗೊತ್ತಾ? ‘ಪಿಕ್ ಅಪ್ ದ ಗೆಸ್ಟ್ಸ್’ ಅಂದರೆ ಸರಿ. ‘ಪಿಕ್ ದ ಗೆಸ್ಟ್ಸ್ ಅಪ್’ ಅಂದರೂ ಸರಿ. ನಾಮಪದ ಎರಡು ಕಡೆಯೂ ಕೂರುತ್ತದೆ. ಯೂ, ಹಿಮ್, ಹರ್, ಇಟ್, ದೆಮ್ ಬಂದರೆ ಮಾತ್ರ ಒಂದೇ ಜಾಗ, ಮಧ್ಯದಲ್ಲಿ. ‘ಸ್ವಿಚ್ ಆಫ್ ದ ಗೀಸರ್’ ಅನ್ನಬಹುದು, ‘ಸ್ವಿಚ್ ಆಫ್ ಇಟ್’ ಅನ್ನುವ ಹಾಗಿಲ್ಲ. ‘ಸ್ವಿಚ್ ಇಟ್ ಆಫ್’.

ಇಷ್ಟು ಹೇಳಿ ಬಿಟ್ಟರೆ ಇನ್ನೊಂದು ಕಡೆ ಎಡವುತ್ತಾರೆ. ಮುಳ್ಳಯ್ಯನಗಿರಿ ಹತ್ತಿ ಬಂದವರು ‘ವಿ ವೆಂಟ್ ಅಪ್ ದ ಹಿಲ್’ ಅನ್ನುತ್ತಾರೆ. ಬೆಟ್ಟದ ಬದಲು ಇಟ್ ಹಾಕಿ ನೋಡಿ. ‘ವಿ ವೆಂಟ್ ಅಪ್ ಇಟ್.’ ಇಲ್ಲಿ ‘ವೆಂಟ್ ಇಟ್ ಅಪ್’ ಅಂದರೆ ಅರ್ಥವೇ ಇಲ್ಲ. ಎರಡು ಕಡೆಯೂ ಇರುವುದು ಅದೇ ‘ಅಪ್’, ಆದರೆ ಸರ್ವನಾಮ ಒಂದು ಕಡೆ ಅದಕ್ಕಿಂತ ಮೊದಲು, ಇನ್ನೊಂದು ಕಡೆ ಅದಾದ ಮೇಲೆ.

ಕಾರಣ ಇಷ್ಟೇ. ‘ಪಿಕ್ ಅಪ್’ನಲ್ಲಿ ‘ಅಪ್’ ಕ್ರಿಯಾಪದಕ್ಕೆ ಸೇರಿದ್ದು. ಅಲ್ಲಿ ಅದು ಅಡ್ವರ್ಬ್. ‘ಅಪ್ ದ ಹಿಲ್’ನಲ್ಲಿ ಅದು ಬೆಟ್ಟಕ್ಕೆ ಸೇರಿದ್ದು. ಅಲ್ಲಿ ಅದು ಪ್ರೆಪೊಸಿಷನ್. ಇಂಥ ಸಾದಾ ವಾಕ್ಯದಲ್ಲಿ ಪ್ರೆಪೊಸಿಷನ್ ಮೊದಲು, ಅದರ ಪದ ಆಮೇಲೆ ಬರಬೇಕು, ಆ ಪದವನ್ನು ಅದಕ್ಕಿಂತ ಮೊದಲು ತರಲು ಆಗುವುದಿಲ್ಲ. ಹೈಸ್ಕೂಲಿನಲ್ಲಿ ನಮಗೆ ಇನ್, ಆನ್, ಅಪ್, ಆಫ್, ಓವರ್ ಎಲ್ಲವನ್ನೂ ‘ಪ್ರೆಪೊಸಿಷನ್ ಪಟ್ಟಿ’ ಅಂತ ಬಾಯಿಪಾಠ ಮಾಡಿಸಿದರಲ್ವಾ? ಆ ಪಟ್ಟಿ ಅರ್ಧ ಸತ್ಯ. ಅದರಲ್ಲಿ ಎಷ್ಟೋ ಪದಗಳು ಎರಡು ಪಾಳಿಯಲ್ಲೂ ದುಡಿಯುತ್ತವೆ. ಪಟ್ಟಿ ನೋಡಿದರೆ ಯಾವ ಪಾಳಿ ಅಂತ ತಿಳಿಯುವುದಿಲ್ಲ, ವಾಕ್ಯ ನೋಡಬೇಕು.

ಕನ್ನಡದವರಿಗೆ ಇದು ಯಾಕೆ ಕಷ್ಟ ಅಂದರೆ, ನಮಗೆ ಪದಗಳ ಜಾಗ ಅಷ್ಟು ಮುಖ್ಯವಲ್ಲ. ‘ನಿಮ್ಮನ್ನ ಸ್ಟೇಷನ್ನಿಂದ ಕರ್ಕೊಂಡು ಬರ್ತೀನಿ’ ಅಂದರೂ ಸರಿ, ‘ಸ್ಟೇಷನ್ನಿಂದ ನಿಮ್ಮನ್ನ ಕರ್ಕೊಂಡು ಬರ್ತೀನಿ’ ಅಂದರೂ ಸರಿ. ಯಾರು ಯಾರನ್ನು ಎಲ್ಲಿಂದ ಅನ್ನುವುದನ್ನು ವಿಭಕ್ತಿಯೇ ಹೇಳಿಬಿಡುತ್ತದೆ. 1000 ವರ್ಷದ ಹಿಂದಿನ ಇಂಗ್ಲಿಷ್‌ನಲ್ಲೂ ನಾಮಪದಗಳಿಗೆ ಇಂಥ ಪ್ರತ್ಯಯಗಳಿದ್ದವು. ಬರುಬರುತ್ತಾ ಅವು ಹೆಚ್ಚುಕಡಿಮೆ ಉದುರಿಹೋದವು. ಐ–ಮಿ, ಹಿ–ಹಿಮ್, ದೇ–ದೆಮ್ ಅಂತ ಮುಖ್ಯವಾಗಿ ಸರ್ವನಾಮಗಳಲ್ಲಿ ಸ್ವಲ್ಪ ಉಳಿದಿವೆ. ಉಳಿದ ಕೆಲಸವನ್ನು ಈಗ ಹೆಚ್ಚಾಗಿ ಪದಗಳ ಸಾಲು ಮತ್ತು ಪ್ರೆಪೊಸಿಷನ್‌ಗಳೇ ಮಾಡಬೇಕು. ಅದಕ್ಕೇ ಇಂಗ್ಲಿಷ್ ಜಾಗದ ವಿಷಯದಲ್ಲಿ ಅಷ್ಟು ಹಟ ಮಾಡುತ್ತದೆ.

ಸರ್ವನಾಮವನ್ನು ಮಧ್ಯಕ್ಕೆ ತಳ್ಳುವುದಕ್ಕೆ ಇನ್ನೂ ಒಂದು ಕಾರಣ ಇದೆ. ಇಂಗ್ಲಿಷ್ ವಾಕ್ಯದ ಕೊನೆ ಸಾಮಾನ್ಯವಾಗಿ ಹೊಸ ಸುದ್ದಿಗೆ ಮೀಸಲು. ಒತ್ತು ಬೀಳುವುದೂ ಅಲ್ಲೇ. ‘ಇಟ್’ ಅಂದರೆ ಆಗಲೇ ಗೊತ್ತಿರುವ ಸಂಗತಿ. ಅದಕ್ಕೆ ಕೊನೆಯ ಕುರ್ಚಿ ಕೊಡುವುದಿಲ್ಲ. ಬೊಟ್ಟು ಮಾಡಿ ತೋರಿಸುವಾಗ ‘ಪಿಕ್ ಅಪ್ ದೋಸ್’ ಅನ್ನಬಹುದು, ಯಾಕೆಂದರೆ ಅಲ್ಲಿ ‘ದೋಸ್’ ಮೇಲೆ ಒತ್ತು ಇದೆ.

ಕಿವಿಯಿಂದಲೂ ಇದನ್ನು ಹಿಡಿಯಬಹುದು. ‘ಸ್ವಿಚ್ ಇಟ್ ಆಫ್’ ಅನ್ನುವಾಗ ‘ಆಫ್’ ಗಟ್ಟಿಯಾಗಿ ಕೇಳಿಸುತ್ತದೆ. ‘ಲುಕ್ ಆಟ್ ಇಟ್’ ಅನ್ನುವಾಗ ‘ಆಟ್’ ಸುಮ್ನೆ ತೇಲಿ ಹೋಗುತ್ತದೆ. ಅಡ್ವರ್ಬ್ ಆದರೆ ಗಟ್ಟಿ, ಪ್ರೆಪೊಸಿಷನ್ ಆದರೆ ಸಾಮಾನ್ಯವಾಗಿ ಮೆತ್ತಗೆ. ಸರ್ವನಾಮವಂತೂ ಬಾಯಲ್ಲಿ ಕರಗಿಹೋಗುತ್ತದೆ. ‘ಪಿಕ್ ಹಿಮ್ ಅಪ್’ ಅನ್ನುವುದು ‘ಪಿಕಿಮಪ್’ ಆಗುತ್ತದೆ. ‘ಡ್ರಾಪ್ ಅಸ್ ಆಫ್’ ಅನ್ನುವುದು ‘ಡ್ರಾಪಸಾಫ್’. ನಮ್ಮ ಜೀಪ್ ಡ್ರೈವರ್‌ಗಳು ‘ಫಾರಿನರ್ ಮಾತು ಏನೂ ಹಿಡಿಯೋಕಾಗಲ್ಲ ಸಾರ್’ ಅನ್ನುವುದು ಇಂಥ ಕಡೆಯೇ. ಮೂರು ಪದವೂ ಅವರಿಗೆ ಗೊತ್ತಿರುತ್ತದೆ. ಒಟ್ಟಿಗೆ ಬಂದಾಗ ಯಾವುದೋ ನಾಲ್ಕನೆಯ ಪದದ ಹಾಗೆ ಕೇಳಿಸುತ್ತದೆ.

ಹಾಗಾಗಿ ನಾನು ಫ್ರೇಸಲ್ ವರ್ಬ್ (ಕ್ರಿಯಾಪದಕ್ಕೆ ಇಂಥ ಚಿಕ್ಕ ಪದ ಸೇರಿ ಆದ ಜೋಡಿ) ಪಟ್ಟಿ ಕೊಡುವುದನ್ನು ಬಿಟ್ಟಿದ್ದೇನೆ. ‘ಪಿಕ್ ಅಪ್’ ಅಂತ ಬರೆಸುವುದಿಲ್ಲ, ‘ಪಿಕ್ ಇಟ್ ಅಪ್’ ಅಂತಲೇ ಬರೆಸುತ್ತೇನೆ. ‘ವೇಟ್ ಫಾರ್’ ಅಂತಲ್ಲ, ‘ವೇಟ್ ಫಾರ್ ಹಿಮ್’ ಅಂತ. ಸರ್ವನಾಮ ಸೇರಿಸಿ ಕಲಿತರೆ ಅದು ಅಡ್ವರ್ಬೋ ಪ್ರೆಪೊಸಿಷನ್ನೋ ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಜಾಗ ತಾನಾಗಿಯೇ ನಾಲಿಗೆಗೆ ಬರುತ್ತದೆ. ವ್ಯಾಕರಣದ ಹೆಸರುಗಳು ಪರೀಕ್ಷೆ ಬರೆಯುವವರಿಗೆ ಸಾಕು.

ಸರ್ವನಾಮ, ಅಡ್ವರ್ಬ್, ಪ್ರೆಪೊಸಿಷನ್ ಮೂರೂ ಒಂದೇ ವಾಕ್ಯದಲ್ಲಿ ಬಂದಾಗ ಹೇಗೆ? ‘ಡ್ರಾಪ್ ದೆಮ್ ಆಫ್ ಆಟ್ ದ ಬಸ್ ಸ್ಟ್ಯಾಂಡ್.’ ‘ಟೇಕ್ ಇಟ್ ಬ್ಯಾಕ್ ಟು ಹರ್.’ ‘ಐ ವಿಲ್ ಪಿಕ್ ಯೂ ಅಪ್ ಫ್ರಮ್ ಕಡೂರ್.’ ಮೊದಲು ಕ್ರಿಯಾಪದ, ಆಮೇಲೆ ಸರ್ವನಾಮ, ಆಮೇಲೆ ಅಡ್ವರ್ಬ್, ಕೊನೆಗೆ ಪ್ರೆಪೊಸಿಷನ್ ಮತ್ತು ಅದರ ಜೊತೆಯ ಜಾಗ ಅಥವಾ ವ್ಯಕ್ತಿ. ಈ ಒಂದು ಸಾಲು ಬಾಯಿಗೆ ಕೂತರೆ ಹೋಂಸ್ಟೇ ಕೆಲಸದ ಮುಕ್ಕಾಲು ಇಂಗ್ಲಿಷ್ ನಡೆದುಹೋಗುತ್ತದೆ.

ಕೆಲವು ಕಡೆ ಅಡ್ವರ್ಬ್, ಪ್ರೆಪೊಸಿಷನ್ ಎರಡೂ ಕ್ರಿಯಾಪದದ ಬೆನ್ನಿಗೇ ಬರುತ್ತವೆ. ಹಾಲು ಮುಗಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಇಟ್’. ‘ಔಟ್ ಇಟ್ ಆಫ್’ ಆಗುವುದಿಲ್ಲ, ಯಾಕೆಂದರೆ ಕೊನೆಯ ‘ಆಫ್’ (ಇದು of, ‘ಸ್ವಿಚ್ ಆಫ್’ನ off ಅಲ್ಲ) ಪ್ರೆಪೊಸಿಷನ್. ‘ಲುಕಿಂಗ್ ಫಾರ್ವರ್ಡ್ ಟು’ ಕೂಡ ಇದೇ ಜಾತಿ. ಬುಕಿಂಗ್ ಮೇಲ್‌ಗಳ ಕೊನೆಯಲ್ಲಿ ‘ಲುಕಿಂಗ್ ಫಾರ್ವರ್ಡ್ ಟು ಸೀ ಯೂ’ ಅಂತ ಇರುತ್ತದೆ. ಆ ‘ಟು’ ಪ್ರೆಪೊಸಿಷನ್ ಆದ್ದರಿಂದ ‘ಟು ಸೀಯಿಂಗ್ ಯೂ’ ಅನ್ನಬೇಕು. ಒಳ್ಳೆಯ ಕಂಪನಿಗಳ ಮೇಲ್‌ನಲ್ಲೂ ಈ ತಪ್ಪು ಕಾಣುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಇದಕ್ಕೆ ಉಲ್ಟಾ ತೊಂದರೆಯೂ ಇದೆ, ಪ್ರೆಪೊಸಿಷನ್ ಬೇಡದ ಕಡೆ ತುರುಕುವುದು. ‘ಕಮ್ ಟು ಹಿಯರ್’, ‘ಐ ವೆಂಟ್ ಟು ಹೋಮ್’. ಕನ್ನಡದಲ್ಲಿ ‘ಇಲ್ಲಿಗೆ’, ‘ಮನೆಗೆ’ ಅನ್ನುತ್ತೇವೆ, ಆ ‘ಗೆ’ಗೆ ಸಮನಾಗಿ ‘ಟು’ ಹಾಕುತ್ತೇವೆ. ಇಲ್ಲಿ ಹಿಯರ್, ಹೋಮ್ ಎರಡೂ ಅಡ್ವರ್ಬ್, ‘ಗೆ’ ಅವುಗಳ ಹೊಟ್ಟೆಯಲ್ಲೇ ಇದೆ. ‘ಕಮ್ ಹಿಯರ್’, ‘ವೆಂಟ್ ಹೋಮ್’ ಸಾಕು. ಹಾಗಂತ ‘ಹಿಯರ್’ ಹಿಂದೆ ಏನೂ ಬರಬಾರದು ಅಂತಲ್ಲ. ‘ಫ್ರಮ್ ಹಿಯರ್’ ಚೆನ್ನಾಗಿಯೇ ನಡೆಯುತ್ತದೆ, ‘ಇಂದ’ ಅನ್ನುವ ಅರ್ಥ ಅದರೊಳಗೆ ಇಲ್ಲವಲ್ಲ.

‘ಹಿಯರ್’ ವಾಕ್ಯದ ಮೊದಲಿಗೆ ಬಂದಾಗಲೂ ಸರ್ವನಾಮ ತನ್ನ ಹಟ ಬಿಡುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಬಸ್ ತಿರುಗುವುದು ಕಂಡ ಕೂಡಲೇ ನಾವು ‘ಬಂತು, ಬಂತು’ ಅನ್ನುತ್ತೇವೆ, ಹುಡುಗರು ಅದನ್ನೇ ‘ಬಸ್ ಕೇಮ್’ ಮಾಡುತ್ತಾರೆ. ಇಂಗ್ಲಿಷ್‌ನಲ್ಲಿ ಆಗ ಹೇಳುವುದು ‘ಹಿಯರ್ ಕಮ್ಸ್ ದ ಬಸ್’. ಬಸ್ ಕೊನೆಗೆ ಹೋಯಿತು, ನೋಡಿದಿರಾ? ಅದೇ ಹೊಸ ಸುದ್ದಿ. ಅಷ್ಟು ಹೊತ್ತೂ ಅದೇ ಬಸ್ಸಿನ ಮಾತು ನಡೆಯುತ್ತಿದ್ದರೆ ‘ಹಿಯರ್ ಇಟ್ ಕಮ್ಸ್’. ‘ಹಿಯರ್ ಕಮ್ಸ್ ಇಟ್’ ಅಂತ ಯಾರೂ ಹೇಳುವುದಿಲ್ಲ.