ಸ್ಟಂಟ್ ಹಾಕುವಾಗ ಹೃದಯಕ್ಕೆ ಆಸರೆ ಕೊಡುವ ಪುಟ್ಟ ಪಂಪ್

"ಹಾರ್ಟ್ ಪಂಪಿಂಗ್ ಬರೀ 25 ಪರ್ಸೆಂಟ್ ಇದೆಯಂತೆ." ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಶಿವಮೊಗ್ಗಕ್ಕೆ ಬಂದು ಎಕೋ ಮಾಡಿಸಿದವರು ಮನೆಗೆ ಫೋನ್ ಮಾಡಿ ಹೀಗೆ ಹೇಳುತ್ತಾರೆ. ಕೇಳಿಸಿಕೊಂಡವರು ಮುಕ್ಕಾಲು ಹೃದಯ ಹೋಯಿತು ಅಂತಲೇ ತಿಳಿಯುತ್ತಾರೆ. ಹಾಗಲ್ಲ. ಹೃದಯದ ಎಡಗಡೆಯ ಕೆಳಗಿನ ಕೋಣೆಯಲ್ಲಿ ತುಂಬಿಕೊಂಡ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಆರೋಗ್ಯವಾಗಿರುವವರಲ್ಲೂ ಅದು 100 ಇರುವುದಿಲ್ಲ, ಹೆಚ್ಚುಕಡಿಮೆ 55ರಿಂದ 70 ಇರುತ್ತದೆ.

ಆದರೂ 25 ಅಂದರೆ ಸಣ್ಣ ವಿಷಯವಲ್ಲ. ಅದರ ಜೊತೆಗೆ ಮೂರೂ ರಕ್ತನಾಳದಲ್ಲಿ ಬ್ಲಾಕ್ ಇದ್ದು, ವಯಸ್ಸೋ ಕಿಡ್ನಿ ತೊಂದರೆಯೋ ಇರುವುದರಿಂದ ಬೈಪಾಸ್ ಬೇಡ ಅಂತ ಸರ್ಜನ್ ಹೇಳಿದರೆ, ಕೆಲವು ಸಲ ಡಾಕ್ಟರು "ಪಂಪ್ ಸಪೋರ್ಟ್ ಇಟ್ಟುಕೊಂಡು ಸ್ಟಂಟ್ ಹಾಕೋಣ" ಅನ್ನುತ್ತಾರೆ. ಏನಿದು ಪಂಪ್?

ಮೊದಲು ಅಪಾಯ ಎಲ್ಲಿದೆ ನೋಡೋಣ. ಸ್ಟಂಟ್ ಹಾಕುವಾಗ ಬ್ಲಾಕ್ ಇರುವ ಕಡೆ ಬಲೂನ್ ಉಬ್ಬಿಸುತ್ತಾರೆ. ಅಷ್ಟು ಹೊತ್ತು ಆ ನಾಳದಲ್ಲಿ ರಕ್ತ ಹರಿಯುವುದಿಲ್ಲ. ಗಟ್ಟಿ ಹೃದಯ ಅದನ್ನು ತಡೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಗುಡ್ಡ ಕುಸಿದರೆ ಹುಲಿಕಲ್ ಘಾಟಿ ಹಿಡಿಯಬಹುದು, ಆದರೆ ಉಳಿದಿರುವುದೇ ಒಂದು ದಾರಿ, ಅದರಲ್ಲೇ ರಿಪೇರಿ ಅಂದರೆ ಏನು ಮಾಡುವುದು? ಉಳಿದಿರುವ ಒಂದೇ ನಾಳಕ್ಕೆ, ಇಲ್ಲವೇ ಎಡಭಾಗದ ಮುಖ್ಯ ನಾಳದ ಬುಡಕ್ಕೆ ಬಲೂನ್ ಹಾಕುವುದು ಅಂಥ ಕೆಲಸ. ಆ ಹೊತ್ತಿನಲ್ಲಿ ಹೃದಯದ ಮಾಂಸಖಂಡ ಸೋಲುತ್ತದೆ, ಬಿಪಿ ಇಳಿಯುತ್ತದೆ, ಬಿಪಿ ಇಳಿದಿದ್ದಕ್ಕೆ ಹೃದಯದ ನಾಳಗಳಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ, ಅದರಿಂದ ಮಾಂಸಖಂಡ ಮತ್ತಷ್ಟು ಸೋಲುತ್ತದೆ. ಈ ಸುಳಿಗೆ ಸಿಕ್ಕರೆ ಕೆಲವೇ ನಿಮಿಷದಲ್ಲಿ ಹೃದಯ ನಿಂತೇಹೋಗಬಹುದು.

ಇದಕ್ಕೆ ಹಳೆಯ ಉಪಾಯ ಒಂದಿದೆ. 1967ರಲ್ಲಿ ಅಮೆರಿಕದ ಹೃದಯ ಸರ್ಜನ್ ಏಡ್ರಿಯನ್ ಕ್ಯಾಂಟ್ರೋವಿಟ್ಜ್ ಮಹಾಧಮನಿಯೊಳಗೆ ಒಂದು ಉದ್ದನೆಯ ಬಲೂನ್ ಇಟ್ಟು, ಹೃದಯ ಸಡಿಲಗೊಂಡಾಗ ಉಬ್ಬುವ, ಹಿಂಡುವಾಗ ಕುಗ್ಗುವ ಯಂತ್ರವನ್ನು ರೋಗಿಗಳ ಮೇಲೆ ಬಳಸಿದರು. ಅದು ಇವತ್ತಿಗೂ ಬಳಕೆಯಲ್ಲಿದೆ, ಖರ್ಚೂ ಕಡಿಮೆ. ಆದರೆ ಅದು ತಾನಾಗಿ ರಕ್ತ ಎತ್ತುವುದಿಲ್ಲ, ಹೃದಯದ ಬಡಿತವನ್ನೇ ನಂಬಿಕೊಂಡಿರುತ್ತದೆ. ಬಡಿತ ತಾಳ ತಪ್ಪಿದರೆ ಉಪಯೋಗ ಅಷ್ಟಕ್ಕಷ್ಟೆ.

ರಕ್ತವನ್ನು ನಿಜವಾಗಿಯೇ ಎತ್ತುವ ಪಂಪ್‌ನ ಕಥೆ ನನಗೆ ತುಂಬ ಇಷ್ಟ. 1976ರಲ್ಲಿ ರಿಚರ್ಡ್ ವ್ಯಾಂಪ್ಲರ್ ಎಂಬ ಡಾಕ್ಟರು ಈಜಿಪ್ಟಿಗೆ ಹೋಗಿದ್ದಾಗ, ಹಳ್ಳಿಯಲ್ಲಿ ಸುರುಳಿ ತಿರುಗಿಸಿ ನೀರೆತ್ತುವ ಹಳೆಯ ಕಾಲದ ಸಾಧನ ನೋಡಿದರು. ಅದೇ ತತ್ವದಿಂದ ಅವರು ಮಾಡಿದ ಹೀಮೋಪಂಪ್ 1988ರಲ್ಲಿ ಹ್ಯೂಸ್ಟನ್‌ನಲ್ಲಿ ಮೊದಲ ಸಲ ರೋಗಿಯ ದೇಹ ಸೇರಿತು. ಆಮೇಲೆ ಜರ್ಮನಿಯ ಆಖೆನ್‌ನಲ್ಲಿ ಇಂಪೆಲ್ಲಾ ಹುಟ್ಟಿತು. ಈಗ ನಮ್ಮ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ "ಪಂಪ್" ಅಂದರೆ ಹೆಚ್ಚಾಗಿ ಇದೇ.

ತೊಡೆಸಂದಿಯ ಧಮನಿಯಿಂದ ಇದನ್ನು ಒಳಗೆ ಬಿಡುತ್ತಾರೆ. ಮಹಾಧಮನಿಯಲ್ಲೇ ಮೇಲೆ ಹೋಗಿ, ಕವಾಟ ದಾಟಿ, ಅದರ ತುದಿ ಎಡಗಡೆಯ ಕೆಳಕೋಣೆಯಲ್ಲಿ ಕೂರುತ್ತದೆ. ಅಲ್ಲಿಂದ ರಕ್ತ ಎಳೆದು ಕವಾಟದ ಆಚೆಗೆ ಬಿಡುತ್ತದೆ. ಸಿಪಿ ಅನ್ನುವ ಮಾದರಿಯ ಪಂಪ್‌ನ ದಪ್ಪ 5 ಮಿಲಿಮೀಟರಿಗೂ ಕಡಿಮೆ. ಅಷ್ಟರೊಳಗಿನ ಪುಟ್ಟ ಚಕ್ರ ನಿಮಿಷಕ್ಕೆ 46,000 ಸುತ್ತಿನವರೆಗೂ ತಿರುಗಿ 3 ಲೀಟರಿಗಿಂತ ಜಾಸ್ತಿ ರಕ್ತ ಹರಿಸಬಲ್ಲದು. ಸುಮ್ಮನೆ ಕೂತಿರುವವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ಹರಿಸುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಕೆಲಸ ಈ ಪಂಪ್ ಹೊತ್ತುಕೊಳ್ಳುತ್ತದೆ! ಬಿಪಿ ನಿಲ್ಲುತ್ತದೆ. ಕೋಣೆ ಖಾಲಿಯಾಗುವುದರಿಂದ ಹೃದಯದ ದುಡಿಮೆಯೂ ತಗ್ಗುತ್ತದೆ. ಬ್ಲಾಕ್‌ನಲ್ಲಿ ಸುಣ್ಣ ಕಟ್ಟಿದ್ದರೆ ಕೊರೆದು ತೆಗೆಯಲು ಡಾಕ್ಟರಿಗೆ ಸಮಯ ಸಿಗುತ್ತದೆ.

ಹಾಗಾದರೆ ಎಲ್ಲರಿಗೂ ಹಾಕಬಹುದಲ್ವಾ? ಇಲ್ಲಿ ನಿಧಾನಿಸಬೇಕು. 2012ರಲ್ಲಿ ಪ್ರಕಟವಾದ ಪ್ರೊಟೆಕ್ಟ್-2 ಅಧ್ಯಯನದಲ್ಲಿ ಸುಮಾರು 450 ಜನರಲ್ಲಿ ಹಳೆಯ ಬಲೂನನ್ನೂ ಇಂಪೆಲ್ಲಾವನ್ನೂ ಹೋಲಿಸಿದರು. 30 ದಿನದ ಲೆಕ್ಕದಲ್ಲಿ ಎರಡರ ನಡುವೆ ಖಚಿತ ವ್ಯತ್ಯಾಸ ಕಾಣಲಿಲ್ಲ. 2024ರ ಡೇಂಜರ್ ಶಾಕ್ ಅಧ್ಯಯನದಲ್ಲಿ ಮಾತ್ರ, ಮಾಮೂಲಿ ಚಿಕಿತ್ಸೆಯವರಲ್ಲಿ ನೂರಕ್ಕೆ 58.5 ಇದ್ದ 180 ದಿನದೊಳಗಿನ ಸಾವು, ಇಂಪೆಲ್ಲಾ ಗುಂಪಿನಲ್ಲಿ 45.8ಕ್ಕೆ ಇಳಿಯಿತು. ಆದರೆ ಅವರೆಲ್ಲ ದೊಡ್ಡ ಹಾರ್ಟ್ ಅಟ್ಯಾಕ್ ಆಗಿ ಬಿಪಿ ಕುಸಿದು ಬಂದವರು, ದಿನ ಗೊತ್ತುಮಾಡಿಕೊಂಡು ಸ್ಟಂಟ್‌ಗೆ ಬಂದವರಲ್ಲ. ಆ ಫಲಿತಾಂಶ ತೋರಿಸಿ ಇವರಿಗೂ ಪಂಪ್ ಬೇಕೇಬೇಕು ಅನ್ನುವುದು ಸರಿಯಲ್ಲ. ಸಾವು ಕಡಿಮೆಯಾದ ಆ ಪಂಪ್ ಗುಂಪಿನಲ್ಲೂ ರಕ್ತಸ್ರಾವ, ಕಾಲಿಗೆ ರಕ್ತ ಹೋಗದಿರುವುದು, ಡಯಾಲಿಸಿಸ್ ಬೇಕಾಗುವುದು ಜಾಸ್ತಿಯೇ ಇತ್ತು.

ಇನ್ನೊಂದು ಮಾತು, ಇದನ್ನು ನಾನು ಒತ್ತಿ ಹೇಳುತ್ತೇನೆ. ಪಂಪಿಂಗ್ ಕಡಿಮೆ ಇರುವವರಿಗೆ ಸ್ಟಂಟ್ ಹಾಕಿದರೆ ಆಯಸ್ಸು ಹೆಚ್ಚುತ್ತದೆಯೇ ಅಂತ ಬ್ರಿಟನ್ನಿನಲ್ಲಿ 700 ಜನರ ಮೇಲೆ ಪರೀಕ್ಷೆ ಮಾಡಿದರು. 2022ರಲ್ಲಿ ಬಂದ ಉತ್ತರ: ಒಳ್ಳೆಯ ಔಷಧಿ ಮಾತ್ರ ತೆಗೆದುಕೊಂಡವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಎದೆನೋವು ಜೋರಾಗಿರುವವರ, ಈಗಷ್ಟೇ ಹಾರ್ಟ್ ಅಟ್ಯಾಕ್ ಆದವರ ವಿಷಯ ಬೇರೆ. ಹಾಗಾಗಿ ಪಂಪ್‌ಗೆ ಲಕ್ಷಗಟ್ಟಲೆ ದುಡ್ಡು ಹೊಂದಿಸಲು ಅಡಿಕೆ ಮಂಡಿಯಲ್ಲಿ ಮುಂಗಡ ಕೇಳುವ ಮೊದಲು, "ಸ್ಟಂಟ್‌ನಿಂದ ಇವರಿಗೆ ಏನು ಉಪಯೋಗ, ಪಂಪ್ ಇಲ್ಲದೆ ಮಾಡಿದರೆ ಏನಾಗಬಹುದು" ಅಂತ ಡಾಕ್ಟರನ್ನು ಕೇಳಿ. ಎರಡನೇ ಡಾಕ್ಟರ ಅಭಿಪ್ರಾಯ ಪಡೆಯುವುದರಲ್ಲೂ ತಪ್ಪಿಲ್ಲ.

ತೋಟದ ಏರು ಹತ್ತುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ನೋವು ಹೋಗುತ್ತದೆ ಅನ್ನುವವರು ನಮ್ಮಲ್ಲಿ ಬಹಳ ಜನ, ಅದರಲ್ಲೂ ಬೀಡಿ ಸೇದುವವರು, ಸಕ್ಕರೆ ಕಾಯಿಲೆ ಇರುವವರು. ವಯಸ್ಸಾಯಿತು ಅಂತ ಬಿಟ್ಟಿರುತ್ತಾರೆ. ಅದು ಕಾಲಿನ ಧಮನಿ ಕಿರಿದಾಗಿರುವ ಸೂಚನೆ ಇರಬಹುದು, ಪಂಪ್ ಹೋಗಬೇಕಾದ ದಾರಿಯೂ ಅದೇ. ಡಾಕ್ಟರು ಕೇಳದಿದ್ದರೂ ಹೇಳಿಬಿಡಿ. ಹಿಂದೆ ಲೋಹದ ಕವಾಟ ಹಾಕಿಸಿಕೊಂಡಿದ್ದರೆ ಅದನ್ನೂ ಹೇಳಿ.

ಪಂಪ್ ತೆಗೆದ ಮೇಲೆ ನರ್ಸ್ ಹೇಳುವವರೆಗೂ ಆ ಕಾಲು ಮಡಚುವಂತಿಲ್ಲ. ಪಾದ ತಣ್ಣಗಾದರೆ, ಜೋಮು ಹಿಡಿದರೆ, ತೊಡೆಸಂದಿ ಊದಿಕೊಂಡರೆ, ರಾತ್ರಿ ಎಷ್ಟೇ ಹೊತ್ತಾಗಿರಲಿ, ಬೆಳಗಾಗಲಿ ಅಂತ ಕಾಯದೆ ಕೂಡಲೇ ಕರೆಯಿರಿ.