ನೆಲದ ಹೀಟ್ ಪಂಪ್: ಬಾವಿಯ ಉದ್ದದ ಲೆಕ್ಕ

ನೆಲದ ಶಾಖವನ್ನು ಎತ್ತಿ ಮನೆಗೆ ಕೊಡುವ, ಬೇಕೆಂದಾಗ ಮನೆಯ ಶಾಖವನ್ನು ನೆಲಕ್ಕೆ ಇಳಿಸುವ ಯಂತ್ರವೇ ನೆಲದ ಹೀಟ್ ಪಂಪ್. ಸ್ವೀಡನ್ನಿನ ಮನೆಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಗಟ್ಟಿ ಬಂಡೆಗೆ ಬಾವಿ ಕೊರೆದು ಮನೆ ಬೆಚ್ಚಗಿಡುವುದು ಅಲ್ಲಿ ಮಾಮೂಲು. ಸುಮಾರು 15 ಮೀಟರ್ ಆಳ ದಾಟಿದರೆ ಬೇಸಿಗೆ-ಚಳಿಗಾಲದ ಏರುಪೇರು ನೆಲಕ್ಕೆ ತಟ್ಟುವುದಿಲ್ಲ. ಸ್ಟಾಕ್‌ಹೋಮ್ ಸುತ್ತಮುತ್ತ ಅಲ್ಲಿನ ಉಷ್ಣಾಂಶ ವರ್ಷವಿಡೀ 8 ಡಿಗ್ರಿ ಆಸುಪಾಸಿನಲ್ಲಿರುತ್ತದೆ.

ಬಾವಿಯೊಳಗೆ 40 ಮಿ.ಮೀ. ಪಾಲಿಎಥಿಲೀನ್ ಪೈಪು ಯು ಆಕಾರದಲ್ಲಿ ಇಳಿದಿರುತ್ತದೆ, ಅದರಲ್ಲಿ ನೀರು-ಎಥನಾಲ್ ಮಿಶ್ರಣ ಸುತ್ತುತ್ತದೆ. ಮೇಲಿನ ಯಂತ್ರದಲ್ಲಿ ಶಾಖ ಹೀರುವ ಇವಾಪರೇಟರ್, ಒತ್ತಡ ಏರಿಸುವ ಕಂಪ್ರೆಸರ್, ಶಾಖ ಬಿಡುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪ್ಯಾನ್ಷನ್ ವಾಲ್ವ್ ಇಷ್ಟೇ. ಫ್ರಿಜ್ಜಿನ ಚಕ್ರ ಗೊತ್ತಿದ್ದವರಿಗೆ ಇದರಲ್ಲಿ ಹೊಸತೇನಿಲ್ಲ.

ಎಡವುವುದು ಲೆಕ್ಕದಲ್ಲಿ. ಮನೆಗೆ 10 ಕಿಲೋವ್ಯಾಟ್ ಶಾಖ ಬೇಕು, ಸಿಓಪಿ (ಒಂದು ಪಾಲು ವಿದ್ಯುತ್ತಿಗೆ ಸಿಗುವ ಶಾಖ ಅಥವಾ ತಂಪಿನ ಪಾಲು) 4 ಎಂದುಕೊಳ್ಳಿ. ಕಂಪ್ರೆಸರ್‌ಗೆ ಹೋಗುವ ವಿದ್ಯುತ್ತು 2.5, ನೆಲ ಕೊಡಬೇಕಾದದ್ದು 7.5. ಅದೇ ಯಂತ್ರ ಅದೇ ಸಿಓಪಿಯಲ್ಲಿ 10 ಕಿಲೋವ್ಯಾಟ್ ತಂಪು ಕೊಡುವಾಗ ಕಂಪ್ರೆಸರಿನ 2.5 ಕೂಡ ಶಾಖವಾಗಿ ನೆಲಕ್ಕೇ ಇಳಿಯುತ್ತದೆ, ಒಟ್ಟು 12.5. ಹೊರೆ ಒಂದೇ ಇದ್ದರೂ ನೆಲದ ಪಾಲು ಒಂದೂಮುಕ್ಕಾಲು ಪಟ್ಟಿನ ಹತ್ತಿರ ಹೋಯಿತು. ಈ ವ್ಯತ್ಯಾಸ ಮರೆತವರು ಬಾವಿಯನ್ನು ಗಿಡ್ಡ ಮಾಡುತ್ತಾರೆ.

ಮೊದಲ ಅಂದಾಜಿಗೆ ಮೀಟರಿಗೆ 50 ವ್ಯಾಟ್ ಹಿಡಿದರೆ 7.5 ಕಿಲೋವ್ಯಾಟ್‌ಗೆ 150 ಮೀಟರ್ ಬಾವಿ. ಗ್ರಾನೈಟಿನಲ್ಲಿ ಇದು ಸರಿಹೋಗಬಹುದು, ಒಣ ಜೇಡಿಯಲ್ಲಿ ಆಗದು. ದೊಡ್ಡ ಕಟ್ಟಡವಾದರೆ ಅಂದಾಜನ್ನು ನಂಬದೆ ಒಂದು ಬಾವಿಯಲ್ಲಿ ಎರಡು-ಮೂರು ದಿನ ಉಷ್ಣ ಪ್ರತಿಕ್ರಿಯೆ ಪರೀಕ್ಷೆ (ಗೊತ್ತಾದ ಪ್ರಮಾಣದ ಶಾಖ ಕೊಟ್ಟು ನೆಲ ಅದನ್ನು ಹೇಗೆ ಸಾಗಿಸುತ್ತದೆಂದು ಅಳೆಯುವುದು) ಮಾಡಲೇಬೇಕು. ಹರಿವಿನ ಲೆಕ್ಕ ಹೀಗೆ: ಅದೇ 7.5 ಕಿಲೋವ್ಯಾಟ್‌ಗೆ, ಹೋಗಿ ಬರುವ ದ್ರವದ ನಡುವೆ 3 ಡಿಗ್ರಿ ಅಂತರವಿದ್ದರೆ ಸೆಕೆಂಡಿಗೆ ಸುಮಾರು 0.6 ಲೀಟರ್. ಹರಿವು ತೀರಾ ನಿಧಾನವಾದರೆ ಪ್ರಕ್ಷುಬ್ಧತೆ (ದ್ರವ ಸುಳಿಸುಳಿಯಾಗಿ ಕಲಕುವುದು) ಸತ್ತು, ಪೈಪಿನ ಗೋಡೆಯಿಂದ ಶಾಖ ದಾಟುವುದು ಕುಗ್ಗುತ್ತದೆ.

ಬಾವಿ ಗಿಡ್ಡವಾದರೆ ದ್ರವ ವರ್ಷದಿಂದ ವರ್ಷಕ್ಕೆ ತಣ್ಣಗಾಗುತ್ತ ಹೋಗುತ್ತದೆ. ಬಾವಿಯ ನೀರೇ ಹೆಪ್ಪುಗಟ್ಟಿ ಪೈಪನ್ನು ಹಿಸುಕುವುದೂ ಉಂಟು. ಮನೆಯವರಿಗೆ ಮಾತ್ರ ಸುಳಿವು ಸಿಗುವುದಿಲ್ಲ: ಕೊರತೆಯನ್ನು ಯಂತ್ರದ ಜೊತೆಗಿರುವ ವಿದ್ಯುತ್ ಹೀಟರ್ ಸದ್ದಿಲ್ಲದೆ ತುಂಬುತ್ತಿರುತ್ತದೆ, ಬಿಲ್ಲು ಮಾತ್ರ ಏರುತ್ತದೆ. ಹಾಗಾಗಿ ಹೀಟರಿಗೆ ಪ್ರತ್ಯೇಕ ಮೀಟರ್ ಇಡಿಸಿ. ಬೇಸಿಗೆಯಲ್ಲಿ ಕಂಪ್ರೆಸರ್ ನಿಲ್ಲಿಸಿ, ಬಾವಿಯ ತಣ್ಣನೆ ದ್ರವವನ್ನು ಶಾಖ ವಿನಿಮಯಕದಲ್ಲಿ ಸುತ್ತಿಸಿದರೆ ಪಂಪಿನ ಖರ್ಚಿನಲ್ಲೇ ಮನೆ ತಂಪು, ಬಂಡೆಗೂ ಕಳೆದ ಶಾಖ ಸ್ವಲ್ಪ ವಾಪಸ್.

ಬಿಸಿಯನ್ನು ಹಂಚುವ ಬಗೆಯೂ ಮುಖ್ಯ. ದ್ರವ 0 ಡಿಗ್ರಿ, ನೆಲಹಾಸಿನಡಿಯ ನೀರು 35 ಡಿಗ್ರಿ ಇದ್ದರೆ ಕಾರ್ನೋ ಮಿತಿ (ಸಿಓಪಿ ಸೈದ್ಧಾಂತಿಕವಾಗಿ ಏರಬಹುದಾದ ಗರಿಷ್ಠ; ಬಿಸಿ ಬದಿಯ ಕೆಲ್ವಿನ್ ಉಷ್ಣಾಂಶವನ್ನು ಎರಡರ ಅಂತರದಿಂದ ಭಾಗಿಸಿದ್ದು) 308/35, ಅಂದರೆ 8.8; ವಾಸ್ತವದಲ್ಲಿ ಅದರ ಅರ್ಧ ದಕ್ಕುತ್ತದೆ. ಹಳೆಯ ರೇಡಿಯೇಟರಿಗೆ 55 ಡಿಗ್ರಿ ಬೇಕೆಂದರೆ ಮಿತಿಯೇ 6ಕ್ಕೆ ಇಳಿಯುತ್ತದೆ.

ಇದೇ ವಿನ್ಯಾಸವನ್ನು ಬೆಂಗಳೂರಿಗೆ ತಂದು ಕೂರಿಸಲಾಗದು. ಬಂಡೆ ಅಲ್ಲಿಯೂ ಗಟ್ಟಿಯೇ, ಆದರೆ ನೆಲ 25 ಡಿಗ್ರಿ ಆಸುಪಾಸು. ಕಂಪ್ರೆಸರ್ ಇಲ್ಲದ ತಂಪು ಸಿಗದು. ವರ್ಷವಿಡೀ ಶಾಖ ಒಳಗೆ ಹೋಗುವುದೇ ಹೊರತು ಹೊರಬರುವುದಿಲ್ಲ. ಬತ್ತಿದ ಬೋರ್‌ವೆಲ್ಲಿನಲ್ಲಿ ಪೈಪಿನ ಸುತ್ತ ಗಾಳಿ ಉಳಿದು ಶಾಖಕ್ಕೆ ತಡೆಯಾಗುತ್ತದೆ. ಹಾಗಾಗಿ ಬೆಂಟೊನೈಟ್ (ನೀರಿನಲ್ಲಿ ಉಬ್ಬುವ ಜೇಡಿ) ಮತ್ತು ಮರಳಿನ ಗ್ರೌಟನ್ನು, ಅಂದರೆ ಸಂದು ತುಂಬುವ ಗಾರೆಯನ್ನು, ತಳದಿಂದ ಮೇಲಕ್ಕೆ ತುಂಬಬೇಕು. ಹೋಟೆಲು, ಹಾಸ್ಟೆಲಿನಂತೆ ದಿನವೂ ಬಿಸಿನೀರು ಬೇಕಾದ ಕಡೆ ಆ ಶಾಖವನ್ನು ಮೊದಲು ಸ್ನಾನದ ನೀರಿಗೆ ಬಳಸಿ, ಉಳಿದದ್ದನ್ನು ನೆಲಕ್ಕೂ ಕೂಲಿಂಗ್ ಟವರಿಗೂ (ಶಾಖವನ್ನು ಗಾಳಿಗೆ ಬಿಡುವ ಗೋಪುರ) ಹಂಚಬಹುದು.